‘ಸಂವಿಧಾನ ಬರೆದವರ ಉದ್ದೇಶ’ ಎಂದರೆ ಯಾರ ಉದ್ದೇಶ, ಯಾವ ಇಸವಿಯದು?

ಪ್ರಶ್ನೆ: ನಾನು ಕಾನೂನು ಪದವಿಯ ಕೊನೆಯ ವರ್ಷದ ವಿದ್ಯಾರ್ಥಿನಿ. ಮೂಟ್ ಕೋರ್ಟ್ (ಅಣಕು ನ್ಯಾಯಾಲಯ) ಸ್ಪರ್ಧೆಗೆ ಈ ಸಲ ಅಮೆರಿಕದ ಸಂವಿಧಾನದ ವಿಷಯ ಕೊಟ್ಟಿದ್ದಾರೆ. ಬಂದೂಕಿನ ಕೇಸಾಗಲಿ, ಗರ್ಭಪಾತದ ಕೇಸಾಗಲಿ, ಎರಡು ಕಡೆಯವರೂ ‘ಸಂವಿಧಾನ ಬರೆದವರ ಉದ್ದೇಶ’ ಎನ್ನುತ್ತಾರೆ. ಆ ಕಾಲದಲ್ಲಿ ಇದ್ದದ್ದು ಒಂದೊಂದೇ ಗುಂಡು ಹಾರಿಸುವ ಮಸ್ಕೆಟ್. ಗರ್ಭಪಾತದ ಬಗ್ಗೆಯಂತೂ ಸಂವಿಧಾನದಲ್ಲಿ ಒಂದು ಪದವೂ ಇಲ್ಲ. ಹಾಗಿದ್ದ ಮೇಲೆ ಈ ವಾದ ನಿಲ್ಲುವುದು ಯಾವುದರ ಮೇಲೆ? ಇದನ್ನು ಕಟ್ಟುವುದು ಹೇಗೆ, ಮುರಿಯುವುದು ಹೇಗೆ?

ಉತ್ತರ: ಮೊದಲು ನಿಮ್ಮ ವಾದಪತ್ರದಿಂದ ‘ಉದ್ದೇಶ’ ಎಂಬ ಪದವನ್ನು ಹೊಡೆದುಹಾಕಿ. ಟಿವಿ ಚರ್ಚೆಯಲ್ಲಿ ಅದು ನಡೆಯುತ್ತದೆ, ಪೀಠದ ಮುಂದೆ ನಡೆಯುವುದಿಲ್ಲ. ‘ಯಾರ ಉದ್ದೇಶ?’ ಎಂದು ನ್ಯಾಯಾಧೀಶರು ಕೇಳಿದರೆ ಸಾಕು, ಬಾಯಿ ಕಟ್ಟಿಹೋಗುತ್ತದೆ. 1787ರ ಬೇಸಿಗೆಯಲ್ಲಿ ಸಂವಿಧಾನ ಬರೆಯಲು ಫಿಲಡೆಲ್ಫಿಯಾದಲ್ಲಿ ಸೇರಿದವರು 55 ಜನ. ಕೊನೆಗೆ ಸಹಿ ಹಾಕಿದವರು 39. ಸಭೆ ನಡೆದದ್ದು ಬಾಗಿಲು ಹಾಕಿಕೊಂಡು. ಜೇಮ್ಸ್ ಮ್ಯಾಡಿಸನ್ ಅಲ್ಲಿ ಬರೆದಿಟ್ಟುಕೊಂಡ ಟಿಪ್ಪಣಿಗಳು ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1840ರಲ್ಲಿ. ಹಾಗಾಗಿ ಸಂವಿಧಾನಕ್ಕೆ ಒಪ್ಪಿಗೆ ಕೊಟ್ಟ ರಾಜ್ಯಗಳ ಜನಕ್ಕೆ ಒಳಗೆ ಯಾರು ಏನಂದರು ಎಂಬುದನ್ನು ಓದಿ ತಿಳಿಯುವ ದಾರಿಯೇ ಇರಲಿಲ್ಲ. ‘ಸಂಸ್ಥಾಪಕರು’ ಎಂದೊಡನೆ ನೆನಪಾಗುವ ಥಾಮಸ್ ಜೆಫರ್ಸನ್ ಆಗ ಪ್ಯಾರಿಸ್‌ನಲ್ಲಿದ್ದರು, ಜಾನ್ ಆಡಮ್ಸ್ ಲಂಡನ್ನಿನಲ್ಲಿದ್ದರು. ಸ್ವತಃ ಮ್ಯಾಡಿಸನ್ 1796ರಲ್ಲಿ ಕಾಂಗ್ರೆಸ್ಸಿನಲ್ಲಿ ಹೇಳಿದ್ದು ಇದು: ಫಿಲಡೆಲ್ಫಿಯಾದಿಂದ ಹೊರಬಂದದ್ದು ಬರೀ ಕರಡು, ಅದಕ್ಕೆ ಜೀವ ಬಂದದ್ದು ರಾಜ್ಯಗಳ ಅನುಮೋದನಾ ಸಭೆಗಳಲ್ಲಿ, ಅರ್ಥ ಹುಡುಕುವುದಿದ್ದರೆ ಅಲ್ಲಿ ಹುಡುಕಿ.

ಹಾಗಿದ್ದರೂ ‘ಉದ್ದೇಶ’ ಒಂದು ಕಾಲಕ್ಕೆ ಚಲಾವಣೆಯಲ್ಲಿತ್ತು. 1985ರಲ್ಲಿ ರೇಗನ್ ಸರ್ಕಾರದ ಅಟಾರ್ನಿ ಜನರಲ್ ಎಡ್ವಿನ್ ಮೀಸ್ ‘ಮೂಲ ಉದ್ದೇಶಕ್ಕೆ ಮರಳಿ’ ಎಂದು ಕರೆ ಕೊಟ್ಟರು. ಮೇಲೆ ಹೇಳಿದ ತಕರಾರುಗಳೆಲ್ಲ ಆಗ ಎದ್ದವು. ಮರುವರ್ಷ, ಮುಂದೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದ ಆಂಟನಿನ್ ಸ್ಕಾಲಿಯಾ ಉಪಾಯದ ದಾರಿ ತೋರಿಸಿದರು: ಬರೆದವರ ಮನಸ್ಸನ್ನು ಬಿಡಿ, ಬರೆದ ಪದಗಳು ಅಂದಿನ ಸಾಮಾನ್ಯ ಓದುಗನಿಗೆ ಏನೆಂದು ಅರ್ಥವಾಗುತ್ತಿದ್ದವೋ ಅದನ್ನು ಹಿಡಿಯಿರಿ. ಇಂದು ಒರಿಜಿನಲಿಸಂ ಎನ್ನುವುದು ಇದನ್ನೇ. ಕನ್ನಡದಲ್ಲಿ ‘ಮೂಲಾರ್ಥವಾದ’ ಎನ್ನೋಣ.

ಶಾಸನ ಓದಿದವರಿಗೆ ಇದು ಹೊಸದಲ್ಲ. ಹಲ್ಮಿಡಿ ಶಾಸನದಲ್ಲಿ ‘ಬಾಳ್ಗಳ್ಚು’ ಎಂದು ಬರುತ್ತದೆ. ಇಂದಿನ ಕಿವಿಗೆ ಬಾಳು ಎಂದರೆ ಬದುಕು. ಅಂದಿನವರಿಗೆ ಬಾಳ್ ಎಂದರೆ ಕತ್ತಿ. ಕತ್ತಿ ತೊಳೆದು ವೀರನಿಗೆ ಕೊಟ್ಟ ದತ್ತಿ ಅದು. ಶಾಸನ ಬರೆಸಿದವನ ಮನಸ್ಸಿನಲ್ಲಿ ಏನಿತ್ತು ಎಂದು ನಾವು ಕೇಳುವುದಿಲ್ಲ, ಆ ಪದಕ್ಕೆ ಆಗ ಏನರ್ಥ ಎಂದು ಕೇಳುತ್ತೇವೆ. ಮೂಲಾರ್ಥವಾದದ ನ್ಯಾಯವಾದ ಭಾಗ ಇಷ್ಟು. ತೊಡಕು ಶುರುವಾಗುವುದು ಇಲ್ಲಿಂದ ಮುಂದೆ. ದತ್ತಿ ಕೊಟ್ಟ ಆ ಊರಿನ ಗಡಿ ಇಂದು ಎಲ್ಲಿ ಬೀಳುತ್ತದೆ ಎಂಬುದನ್ನು ಪದಕೋಶ ಹೇಳುವುದಿಲ್ಲ.

ಈಗ ಬಂದೂಕಿಗೆ ಬನ್ನಿ. 1791ರ ಡಿಸೆಂಬರ್ 15ರಂದು ಅಂಗೀಕಾರವಾದ ಎರಡನೇ ತಿದ್ದುಪಡಿ ಇಂಗ್ಲಿಷಿನಲ್ಲಿ 27 ಪದ. ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ‘ಸ್ವತಂತ್ರ ರಾಜ್ಯದ ಭದ್ರತೆಗೆ ಸುಶಿಕ್ಷಿತ ಮಿಲಿಷಿಯಾ ಅಗತ್ಯವಾಗಿರುವುದರಿಂದ, ಆಯುಧ ಇಟ್ಟುಕೊಳ್ಳುವ ಮತ್ತು ಧರಿಸುವ ಜನರ ಹಕ್ಕಿಗೆ ಭಂಗ ತರತಕ್ಕದ್ದಲ್ಲ.’ ಮಿಲಿಷಿಯಾ ಎಂದರೆ ಸಾಮಾನ್ಯ ನಾಗರಿಕರಿಂದ ಕಟ್ಟಿದ ಪಡೆ. ಈ ಅನುವಾದದಲ್ಲೇ ನಾನು ಎರಡು ಕಡೆ ಪಕ್ಷ ವಹಿಸಿಬಿಟ್ಟಿದ್ದೇನೆ, ನೋಡಿ. ‘ಸುಶಿಕ್ಷಿತ’ ಎಂದ ಕಡೆ ‘ಸುನಿಯಂತ್ರಿತ’ ಎಂದಿದ್ದರೆ ಸರ್ಕಾರದ ಹಿಡಿತದ ವಾಸನೆ ಬರುತ್ತಿತ್ತು. ಆ ಕಾಲದ ಬಳಕೆಯಲ್ಲಿ ಅದು ಕವಾಯತು ಕಲಿತ, ಶಿಸ್ತಿನ ಪಡೆ ಎಂಬರ್ಥಕ್ಕೆ ಹತ್ತಿರ. ಇನ್ನೊಂದು ‘ಇರುವುದರಿಂದ’. ಇಂಗ್ಲಿಷಿನ ಮೂಲದಲ್ಲಿ ಮೊದಲ ಭಾಗ ಎರಡನೆಯದಕ್ಕೆ ಸಡಿಲವಾಗಿ ಅಂಟಿಕೊಂಡಿದೆ, ಕನ್ನಡದ ‘-ಇಂದ’ ಅದನ್ನು ಕಾರಣವನ್ನಾಗಿ ಬಿಗಿಯುತ್ತದೆ. ಆ ಅಂಟು ಎಷ್ಟು ಗಟ್ಟಿ ಎಂಬುದೇ ಇಡೀ ಜಗಳ. ಸುಪ್ರೀಂ ಕೋರ್ಟಿನ 2008ರ ಹೆಲ್ಲರ್ ತೀರ್ಪಿನಲ್ಲಿ ಸ್ಕಾಲಿಯಾ ಮೊದಲ ಭಾಗವನ್ನು ಪೀಠಿಕೆ ಎಂದರು: ಅದು ಉದ್ದೇಶ ಹೇಳುತ್ತದೆ, ಹಕ್ಕನ್ನು ಕಿರಿದು ಮಾಡುವುದಿಲ್ಲ. ಭಿನ್ನ ತೀರ್ಪು ಬರೆದ ಜಾನ್ ಪಾಲ್ ಸ್ಟೀವನ್ಸ್, ಪೀಠಿಕೆಯನ್ನು ಬಿಟ್ಟರೆ ಹಕ್ಕಿಗೆ ತಲೆಬುಡ ಇರುವುದಿಲ್ಲ ಎಂಬ ಕಡೆ ನಿಂತರು. 5–4ರಲ್ಲಿ ಸ್ಕಾಲಿಯಾ ಗೆದ್ದರು. ವಾಷಿಂಗ್ಟನ್ ನಗರ 1976ರಲ್ಲಿ ತಂದಿದ್ದ ಕೈಬಂದೂಕು ನಿಷೇಧ ಬಿತ್ತು. ಗಮನಿಸಿ, ಸೋತ ಸ್ಟೀವನ್ಸ್ ಕೂಡ ವಾದ ಮಾಡಿದ್ದು 18ನೇ ಶತಮಾನದ ದಾಖಲೆಗಳನ್ನೇ ಹಿಡಿದು. ಮ್ಯಾಡಿಸನ್ 1789ರ ಜೂನ್ 8ರಂದು ಮಂಡಿಸಿದ ಕರಡಿನಲ್ಲಿ, ಧರ್ಮದ ಕಾರಣಕ್ಕೆ ಆಯುಧ ಹಿಡಿಯಲು ಒಪ್ಪದವರನ್ನು ಸೇನಾಸೇವೆಗೆ ಬಲವಂತ ಮಾಡಬಾರದು ಎಂಬ ವಾಕ್ಯವೂ ಇತ್ತು. ‘ಆಯುಧ ಧರಿಸುವುದು’ ಎಂದರೆ ಸೈನ್ಯದ ಮಾತು ಎನ್ನುವುದಕ್ಕೆ ಅದು ಅವರ ಬಳಿ ಇದ್ದ ಒಳ್ಳೆಯ ಸಾಕ್ಷಿ.

1792ರ ಮೇ ತಿಂಗಳಲ್ಲಿ ಕಾಂಗ್ರೆಸ್ ಮಾಡಿದ ಮಿಲಿಷಿಯಾ ಕಾಯ್ದೆಯನ್ನು ತಪ್ಪದೆ ಓದಿ. 18ರಿಂದ 45ರೊಳಗಿನ ಪ್ರತಿಯೊಬ್ಬ ಸ್ವತಂತ್ರ, ಶಕ್ತ, ಬಿಳಿಯ ಗಂಡಸು ಆರು ತಿಂಗಳೊಳಗೆ ತನ್ನದೇ ಖರ್ಚಿನಲ್ಲಿ ಇಷ್ಟನ್ನು ಹೊಂದಿಸಿಕೊಳ್ಳಬೇಕಿತ್ತು: ಒಂದು ಒಳ್ಳೆಯ ಮಸ್ಕೆಟ್, ಬಯೋನೆಟ್, ಸೊಂಟಪಟ್ಟಿ, ಚಕಮಕಿ ಕಲ್ಲು ಹೆಚ್ಚುವರಿಯಾಗಿ ಎರಡು, ಬೆನ್ನುಚೀಲ, 24 ತೋಟಾಗಳಿಗೆ ಕಡಿಮೆಯಿಲ್ಲದಷ್ಟು ಹಿಡಿಸುವ ಪೆಟ್ಟಿಗೆ. ಮಸ್ಕೆಟ್ ಬದಲು ರೈಫಲ್ ಇದ್ದವನಿಗೆ ಅದರ ನಳಿಗೆಗೆ ಹೊಂದುವ 20 ಗುಂಡು, ಮದ್ದಿನ ಕೊಂಬು, ಕಾಲು ಪೌಂಡ್ ಮದ್ದು. ಒಂದು ಕಡೆಯವರು ಇದರಲ್ಲಿ ಕಾಣುವುದು ‘ಬಂದೂಕು ಜನರ ಮನೆಯಲ್ಲಿತ್ತು, ಸ್ವಂತದ್ದಾಗಿತ್ತು’ ಎಂಬುದನ್ನು. ಇನ್ನೊಂದು ಕಡೆಯವರು ಕಾಣುವುದು ‘ಸರ್ಕಾರ ಹೆಸರು ಬರೆದುಕೊಂಡು, ಕವಾಯತಿಗೆ ಕರೆದು, ಬಂದೂಕು ತಪಾಸಣೆ ಮಾಡುತ್ತಿತ್ತು’ ಎಂಬುದನ್ನು. ಎರಡೂ ನಿಜ. ಪೀಠ ಯಾವ ಕಡೆಯಿಂದ ಪ್ರಶ್ನೆ ಎಸೆದರೂ ಈ ಒಂದು ಕಾಯ್ದೆ ಕೈಯಲ್ಲಿದ್ದರೆ ಉತ್ತರ ಇರುತ್ತದೆ.

ನಿಮ್ಮ ಮಸ್ಕೆಟ್ ವಾದ ಮಾತ್ರ ಬೇಡ. ಹೆಲ್ಲರ್ ಅದನ್ನು ನಗೆಪಾಟಲಿನ ಅಂಚಿನದು ಎಂಬರ್ಥದ ಮಾತಿನಲ್ಲಿ ತಳ್ಳಿಹಾಕಿದೆ. ಪತ್ರಿಕಾ ಸ್ವಾತಂತ್ರ್ಯ ಮೊಳೆಯಚ್ಚಿನ ಯಂತ್ರಕ್ಕೆ ಮಾತ್ರ ಅಲ್ಲವಲ್ಲ, ಹಾಗೆಯೇ ಇದೂ ಎಂದಿತು. 2016ರಲ್ಲಿ ಮ್ಯಾಸಚೂಸೆಟ್ಸ್‌ನ ಒಂದು ಪ್ರಕರಣದಲ್ಲಿ ವಿದ್ಯುತ್ ಆಘಾತ ಕೊಡುವ ಸ್ಟನ್ ಗನ್‌ಗೂ ಅದೇ ಮಾತು ಅನ್ವಯವಾಯಿತು. ಅದರ ಬದಲು ಹೆಲ್ಲರ್‌ನ ನಿಜವಾದ ಬಿರುಕಿಗೆ ಕೈ ಹಾಕಿ. ಯಾವ ಆಯುಧಕ್ಕೆ ರಕ್ಷಣೆ ಎಂದರೆ ‘ಸಾಮಾನ್ಯ ಬಳಕೆಯಲ್ಲಿ ಇರುವುದಕ್ಕೆ’ ಎನ್ನುತ್ತದೆ ತೀರ್ಪು. ಹಾಗಾದರೆ ಸರ್ಕಾರ ಬೇಗ ನಿಷೇಧಿಸಿದ್ದು ಬಳಕೆಗೇ ಬರುವುದಿಲ್ಲ, ನಿಷೇಧ ಉಳಿಯುತ್ತದೆ. ತಡ ಮಾಡಿದ್ದು ಲಕ್ಷಗಟ್ಟಲೆ ಮನೆ ಸೇರುತ್ತದೆ, ನಿಷೇಧ ಬೀಳುತ್ತದೆ. ಇದರಲ್ಲಿ 1791 ಎಲ್ಲಿದೆ? ಈ ಸುತ್ತುವಾದವನ್ನು ಹೆಲ್ಲರ್‌ನಲ್ಲಿ ಇನ್ನೊಂದು ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್ ಅಂದೇ ಎತ್ತಿ ತೋರಿಸಿದ್ದರು.

2010ರ ಮೆಕ್‌ಡೊನಾಲ್ಡ್ ತೀರ್ಪು ಈ ಹಕ್ಕನ್ನು 14ನೇ ತಿದ್ದುಪಡಿಯ ಮೂಲಕ ರಾಜ್ಯಗಳ ಮೇಲೂ ಹೇರಿತು. 2022ರ ಜೂನ್ 23ರಂದು ಬಂತು ಬ್ರೂಯೆನ್ ತೀರ್ಪು. ಮನೆಯ ಹೊರಗೆ ಕೈಬಂದೂಕು ಒಯ್ಯಲು ‘ವಿಶೇಷ ಕಾರಣ’ ತೋರಿಸಬೇಕು ಎಂಬ ನ್ಯೂಯಾರ್ಕಿನ ನೂರು ವರ್ಷಕ್ಕೂ ಹಳೆಯ ಪರವಾನಗಿ ಪದ್ಧತಿಯನ್ನು 6–3ರಲ್ಲಿ ರದ್ದು ಮಾಡಿದ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್, ಒಂದು ಪರೀಕ್ಷೆಯನ್ನೂ ಕೊಟ್ಟರು. ಮೊದಲ ಮೆಟ್ಟಿಲು: ಆ ವರ್ತನೆ ತಿದ್ದುಪಡಿಯ ಪದಗಳೊಳಗೆ ಬರುತ್ತದೆಯೇ? ಬಂದರೆ ಎರಡನೆಯದು: ಇಂಥ ನಿರ್ಬಂಧ ದೇಶದ ಪರಂಪರೆಯಲ್ಲಿ ಇತ್ತು ಎಂದು ಸರ್ಕಾರವೇ ಹಳೆಯ ಕಾನೂನುಗಳನ್ನು ತಂದು ತೋರಿಸಬೇಕು. ಹೊರೆ ಸರ್ಕಾರದ್ದು. ‘ಈ ಕಾನೂನಿನಿಂದ ಎಷ್ಟು ಸಾವು ತಪ್ಪುತ್ತದೆ’ ಎಂಬ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಹಳೆಯದು ಹೊಸದಕ್ಕೆ ಪಡಿಯಚ್ಚಾಗಿರಬೇಕಿಲ್ಲ. ಆದರೆ ಹಕ್ಕಿಗೆ ಎಷ್ಟು ಭಾರ ಹಾಕುತ್ತದೆ, ಯಾಕೆ ಹಾಕುತ್ತದೆ ಎಂಬೆರಡರಲ್ಲಿ ಹೋಲಬೇಕು.

ಒಂದು ಉದಾಹರಣೆ ಇಟ್ಟು ನೋಡಿ. 1783ರಲ್ಲಿ ಬಾಸ್ಟನ್ ಪಟ್ಟಣದೊಳಗೆ ಮನೆ, ಕೊಟ್ಟಿಗೆ, ಅಂಗಡಿ ಎಲ್ಲೂ ಮದ್ದು ತುಂಬಿದ ಬಂದೂಕು ಇಡಬಾರದು ಎಂದು ಕಾನೂನಾಯಿತು. ಇಂದು ಬಂದೂಕಿಗೆ ಬೀಗ ಹಾಕಿಡಬೇಕು ಎನ್ನುವ ಕಾನೂನಿಗೆ ಇದು ಪೂರ್ವಜನೇ? ‘ಎಷ್ಟು ಭಾರ’ ಎಂದು ಕೇಳಿದರೆ ಹೌದು, ಹಳೆಯದೇ ಹೆಚ್ಚು ಭಾರದ್ದು. ‘ಯಾಕೆ’ ಎಂದು ಕೇಳಿದರೆ ಅಲ್ಲ: ಪಟ್ಟಣಕ್ಕೆ ಬೆಂಕಿ ಬಿದ್ದಾಗ ಆರಿಸಲು ಹೋದವರ ಜೀವಕ್ಕೆ ಅಪಾಯ ಎಂದು ಕಾನೂನಿನ ಪೀಠಿಕೆಯೇ ಹೇಳುತ್ತದೆ. ಮಗುವಿನ ಕೈಗೆ ಸಿಗಬಾರದು ಎಂಬುದು ಅಲ್ಲಿ ಇಲ್ಲ. ಹೆಲ್ಲರ್‌ನಲ್ಲಿ ಸ್ಕಾಲಿಯಾ ಪೀಠಿಕೆ ಹಿಡಿದು ಅದನ್ನು ಪಕ್ಕಕ್ಕೆ ಸರಿಸಿದರು, ಬ್ರೇಯರ್ ಒಡಲನ್ನು ಹಿಡಿದು ಎತ್ತಿಕೊಂಡರು. (ಎರಡನೇ ತಿದ್ದುಪಡಿಯ ಪೀಠಿಕೆಗೆ ಕೊಡದ ಬೆಲೆಯನ್ನು ಸ್ಕಾಲಿಯಾ ಬಾಸ್ಟನ್ನಿನ ಪೀಠಿಕೆಗೆ ಕೊಟ್ಟರು ಎಂದು ನೀವು ಕುಟುಕಬಹುದು. ಹದವಾಗಿ ಕುಟುಕಿ.) ‘ಬೆಂಕಿಯ ಭಯ’ ಎಂದು ಕಿರಿದಾಗಿ ಹೇಳುತ್ತೀರೋ ‘ಮನೆಯಲ್ಲಿನ ಬಂದೂಕಿನಿಂದ ಅಕ್ಕಪಕ್ಕದವರಿಗೆ ಅಪಾಯ’ ಎಂದು ಅಗಲವಾಗಿ ಹೇಳುತ್ತೀರೋ, ಅಲ್ಲೇ ಕೇಸು ಮುಗಿದಿರುತ್ತದೆ.

ಬ್ರೂಯೆನ್ ಬಂದ ಮರುದಿನವೇ, 2022ರ ಜೂನ್ 24ರಂದು, ಗರ್ಭಪಾತದ ಡಾಬ್ಸ್ ತೀರ್ಪು ಬಂತು. ಇಲ್ಲಿ ನಿಮ್ಮ ಪ್ರಶ್ನೆಯ ಒಂದು ಊಹೆಯನ್ನು ತಿದ್ದಬೇಕು. ಗರ್ಭಪಾತದ ಕೇಸಿನಲ್ಲಿ 18ನೇ ಶತಮಾನದ ಸಂಸ್ಥಾಪಕರು ನೇರವಾಗಿ ಬರುವುದೇ ಇಲ್ಲ. ವಾದ ನಿಂತಿರುವುದು ಅಂತರ್ಯುದ್ಧದ ನಂತರ, 1868ರಲ್ಲಿ ಅಂಗೀಕಾರವಾದ 14ನೇ ತಿದ್ದುಪಡಿಯ ಮೇಲೆ: ನ್ಯಾಯೋಚಿತ ಪ್ರಕ್ರಿಯೆ ಇಲ್ಲದೆ ಯಾವ ರಾಜ್ಯವೂ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಕಸಿಯುವಂತಿಲ್ಲ. 1973ರ ರೋ ತೀರ್ಪು ಆ ‘ಸ್ವಾತಂತ್ರ್ಯ’ ಎಂಬ ಪದದೊಳಗೆ ಗರ್ಭಪಾತದ ಹಕ್ಕನ್ನು ಕಂಡಿತ್ತು, 1992ರ ಕೇಸಿ ತೀರ್ಪು ಬೇರೆ ಅಳತೆಗೋಲಿನಲ್ಲಿ ಅದನ್ನು ಉಳಿಸಿಕೊಂಡಿತ್ತು. 15 ವಾರದ ನಂತರದ ಗರ್ಭಪಾತವನ್ನು ಬಹುಪಾಲು ನಿಷೇಧಿಸಿದ ಮಿಸಿಸಿಪ್ಪಿಯ 2018ರ ಕಾನೂನನ್ನು ಎತ್ತಿಹಿಡಿಯುತ್ತ ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಅಲಿಟೊ ಎರಡನ್ನೂ ಕೆಡವಿದರು. ಲೆಕ್ಕದಲ್ಲಿ ಎಡವಬೇಡಿ: ಮಿಸಿಸಿಪ್ಪಿ ಕಾನೂನಿನ ಪರ 6 ಮತ, ರೋ ಪೂರ್ತಿ ರದ್ದಾಗಬೇಕು ಎಂಬುದಕ್ಕೆ 5. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಮೊದಲನೆಯದಕ್ಕಷ್ಟೇ ಕೈ ಎತ್ತಿದರು.

ಅಲಿಟೊ ಬಳಸಿದ ಸಾಧನ 1997ರ ಗ್ಲಕ್ಸ್‌ಬರ್ಗ್ ಪ್ರಕರಣದ್ದು. ಸಂವಿಧಾನದಲ್ಲಿ ಬರೆಯದ ಹಕ್ಕು ದೇಶದ ಇತಿಹಾಸ, ಪರಂಪರೆಯಲ್ಲಿ ಆಳವಾಗಿ ಬೇರೂರಿರಬೇಕು. 1868ರ ಹೊತ್ತಿಗೆ ಇದ್ದ 37 ರಾಜ್ಯಗಳಲ್ಲಿ 28 ರಾಜ್ಯಗಳು ಎಲ್ಲ ಹಂತದ ಗರ್ಭಪಾತವನ್ನೂ ಅಪರಾಧವಾಗಿಸಿದ್ದವು ಎಂದು ಅವರು ಅನುಬಂಧದಲ್ಲಿ ಕಾನೂನುಗಳ ಪಟ್ಟಿಯನ್ನೇ ಕೊಟ್ಟಿದ್ದಾರೆ. ಈ ಎಣಿಕೆಗೆ ಅಮೆರಿಕದ ಇತಿಹಾಸಕಾರರ ಸಂಘಟನೆಗಳು ತಕರಾರು ತೆಗೆದಿವೆ.

ಅದಕ್ಕಿಂತ ಹಿಂದೆ ಹೋದರೆ ಚಿತ್ರ ಬೇರೆ. ಇಂಗ್ಲೆಂಡಿನಿಂದ ಬಂದ, ತೀರ್ಪುಗಳಿಂದ ಬೆಳೆದ ರೂಢಿಯ ಕಾನೂನಾದ ಕಾಮನ್ ಲಾದಲ್ಲಿ ಗೆರೆ ಇದ್ದದ್ದು ಹೊಟ್ಟೆಯಲ್ಲಿ ಕೂಸು ಮಿಸುಕುವುದು ತಾಯಿಗೆ ಗೊತ್ತಾಗುವ ಹೊತ್ತಿನಲ್ಲಿ, ಸುಮಾರು 16ರಿಂದ 20 ವಾರದ ನಡುವೆ. ಅದನ್ನು ಹೇಳಬಲ್ಲವಳು ಅವಳೊಬ್ಬಳೇ, ಅಳೆಯುವ ಯಂತ್ರ ಇರಲಿಲ್ಲ. ಅದಕ್ಕೂ ಮುಂಚೆ ಮುಟ್ಟು ನಿಂತರೆ ಅದನ್ನು ‘ತಡೆದ ಮುಟ್ಟು’ ಎಂದು ಕರೆದು ಔಷಧಿ ಹೇಳುವುದು ಮನೆವೈದ್ಯದ ಮಾತಾಗಿತ್ತು. ಬೆಂಜಮಿನ್ ಫ್ರ್ಯಾಂಕ್ಲಿನ್ 1748ರಲ್ಲಿ ಫಿಲಡೆಲ್ಫಿಯಾದಲ್ಲಿ ಅಚ್ಚು ಹಾಕಿದ, ಲೆಕ್ಕ–ಪತ್ರವ್ಯವಹಾರ ಕಲಿಸುವ ಕೈಪಿಡಿಯೊಂದರಲ್ಲೂ ಅಂಥ ಗಿಡಮೂಲಿಕೆಯ ಯೋಗ ಇದೆ. ಈ ವಿಷಯದಲ್ಲಿ ಅಮೆರಿಕದ ರಾಜ್ಯವೊಂದರ ಮೊದಲ ಲಿಖಿತ ಕಾನೂನು 1821ರ ಕನೆಕ್ಟಿಕಟ್‌ನದು, ಅದೂ ಕೂಸು ಮಿಸುಕಿದ ಮೇಲೆ ವಿಷ ಕೊಡುವುದರ ವಿರುದ್ಧ. ಮೊದಲ ದಿನದಿಂದಲೇ ಅಪರಾಧ ಎಂಬ ಕಾನೂನುಗಳು ಹಬ್ಬಿದ್ದರ ಹಿಂದೆ 1857ರಿಂದ ಅಮೆರಿಕನ್ ವೈದ್ಯಕೀಯ ಸಂಘದೊಳಗೆ ನಡೆದ ಚಳವಳಿಯ ಕೈ ದೊಡ್ಡದು. ಆದ್ದರಿಂದ ಇಸವಿ 1791 ಎಂದು ಹಿಡಿದರೆ ಮಿಸಿಸಿಪ್ಪಿಯ 15 ವಾರದ ಗೆರೆ ಅಂದಿನ ಗೆರೆಗಿಂತ ಬಿಗಿ. 1868 ಎಂದು ಹಿಡಿದರೆ ಎಷ್ಟೋ ರಾಜ್ಯಗಳ ಗೆರೆಗಿಂತ ಸಡಿಲ.

ನಿಮ್ಮ ವಾದದ ತಿರುಳು ಇಲ್ಲಿರಬೇಕು: ಇತಿಹಾಸ ಸುಮ್ಮನಿದ್ದಾಗ ಆ ಮೌನಕ್ಕೆ ಏನರ್ಥ? ಬ್ರೂಯೆನ್ ಪ್ರಕಾರ, ಹಿಂದಿನವರು ಒಂದು ಸಮಸ್ಯೆಯನ್ನು ಕಂಡೂ ಕಾನೂನು ಮಾಡಿರಲಿಲ್ಲ ಎಂದರೆ ಹಾಗೆ ಮಾಡಲು ಸರ್ಕಾರಕ್ಕೆ ಅಧಿಕಾರ ಇರಲಿಲ್ಲ ಎನ್ನುವುದಕ್ಕೆ ಅದು ಸಾಕ್ಷಿ. ಡಾಬ್ಸ್ ಪ್ರಕಾರ, ಕೂಸು ಮಿಸುಕುವ ಮುನ್ನಿನ ಗರ್ಭಪಾತಕ್ಕೆ ಹಿಂದಿನವರು ಶಿಕ್ಷೆ ಇಟ್ಟಿರಲಿಲ್ಲ ಎಂದ ಮಾತ್ರಕ್ಕೆ ಇಡುವ ಅಧಿಕಾರ ಇರಲಿಲ್ಲ ಎಂದಾಗುವುದಿಲ್ಲ. ಒಂದು ದಿನದ ಅಂತರ, ಒಂದೇ ಮೌನ, ಎರಡು ಅರ್ಥ. ಇನ್ನೊಂದು ವ್ಯತ್ಯಾಸವನ್ನು ಕಣ್ಣಾರೆ ನೋಡಬೇಕಿದ್ದರೆ ಎರಡೂ ತೀರ್ಪುಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಿ. ಇನ್ನೂ ರಾಜ್ಯವಾಗಿರದ ಪಶ್ಚಿಮದ ಪ್ರಾಂತ್ಯಗಳ ಬಂದೂಕು ಕಾನೂನುಗಳನ್ನು ಬ್ರೂಯೆನ್ ‘ಜನ ಕಡಿಮೆ, ಬಾಳಿದ್ದು ಕಡಿಮೆ’ ಎಂದು ಬದಿಗೆ ತಳ್ಳುತ್ತದೆ. ಅಂಥದೇ ಪ್ರಾಂತ್ಯಗಳ ಗರ್ಭಪಾತ ಕಾನೂನುಗಳಿಗೆ ಡಾಬ್ಸ್‌ನಲ್ಲಿ ಎರಡನೇ ಅನುಬಂಧವೇ ಇದೆ.

ಎದುರು ಪಕ್ಷ ಇದಕ್ಕೆ ಕೊಡುವ ಉತ್ತರ ಬಲವಾದದ್ದೇ, ತಯಾರಾಗಿರಿ. ಬಂದೂಕಿನ ಹಕ್ಕು ಬರೆದಿದೆ, ಆದ್ದರಿಂದ ಅದನ್ನು ಮೊಟಕು ಮಾಡುವವರ ಮೇಲೆ ಹೊರೆ. ಗರ್ಭಪಾತದ ಹಕ್ಕು ಬರೆದಿಲ್ಲ, ಆದ್ದರಿಂದ ಇದೆ ಎನ್ನುವವರ ಮೇಲೆ ಹೊರೆ. ಮೌನ ಯಾವಾಗಲೂ ಹೊರೆ ಹೊತ್ತವನ ವಿರುದ್ಧ. ಇದನ್ನು ತಮಾಷೆ ಮಾಡಿ ತೇಲಿಸಲು ಹೋದರೆ ಅಂಕ ಹೋಗುತ್ತದೆ. ಹೋಗಬಹುದಾದ ದಾರಿ ಎರಡು. ಒಂದು 9ನೇ ತಿದ್ದುಪಡಿ, ಅದೂ 1791ರದ್ದೇ: ಕೆಲವು ಹಕ್ಕುಗಳನ್ನು ಪಟ್ಟಿ ಮಾಡಿದ್ದೇವೆ ಎಂದರೆ ಜನರ ಬಳಿ ಇರುವ ಉಳಿದವನ್ನು ಅಲ್ಲಗಳೆದಂತಲ್ಲ. ಓದಲು ಚೆನ್ನ, ಆದರೆ ಸುಪ್ರೀಂ ಕೋರ್ಟ್ ಅದರ ಮೇಲೆ ಭಾರ ಬಿಟ್ಟು ನಿಂತದ್ದು ಅಪರೂಪ. ಎರಡನೆಯದು ಹೆಚ್ಚು ಗಟ್ಟಿ: ‘ಸ್ವಾತಂತ್ರ್ಯ’ ಎಂಬ ಪದವಂತೂ ಬರೆದೇ ಇದೆ. ‘ಆಯುಧ’ ಎಂಬ ಪದವನ್ನು ಅಗಲವಾಗಿ ಓದಿ ಇಂದಿನ ಪಿಸ್ತೂಲನ್ನು ಒಳಗೆ ಬಿಟ್ಟವರು ‘ಸ್ವಾತಂತ್ರ್ಯ’ವನ್ನು ಮಾತ್ರ 1868ರ ಕಾನೂನು ಪಟ್ಟಿಯಷ್ಟಕ್ಕೆ ಯಾಕೆ ಕಿರಿದು ಮಾಡಬೇಕು? ಆ ಪಟ್ಟಿಯ ಕಾನೂನುಗಳನ್ನು ಮಾಡಿದ ಶಾಸನಸಭೆಗಳಿಗೆ ಹೆಂಗಸರು ಮತ ಹಾಕುವಂತಿರಲಿಲ್ಲ ಎಂಬುದನ್ನೂ ಇಲ್ಲೇ ಸೇರಿಸಿ.

ಬ್ರೂಯೆನ್ ಪರೀಕ್ಷೆ ಕೆಳಗಿನ ಕೋರ್ಟುಗಳಲ್ಲಿ ಎಷ್ಟು ಗೋಜಲಾಯಿತೆಂದರೆ, ಮಿಸಿಸಿಪ್ಪಿಯ ಫೆಡರಲ್ ನ್ಯಾಯಾಧೀಶರೊಬ್ಬರು 2022ರ ಅಕ್ಟೋಬರಿನಲ್ಲಿ ‘ನಾವು ಇತಿಹಾಸಕಾರರಲ್ಲ, ಒಬ್ಬರನ್ನು ನೇಮಿಸಿಕೊಳ್ಳಲೇ?’ ಎಂಬ ಧಾಟಿಯಲ್ಲಿ ಸರ್ಕಾರವನ್ನೇ ಕೇಳಿದರು. ಕೌಟುಂಬಿಕ ಹಿಂಸೆಗಾಗಿ ಕೋರ್ಟಿನ ತಡೆಯಾಜ್ಞೆ ಇರುವವರು ಬಂದೂಕು ಇಟ್ಟುಕೊಳ್ಳಬಾರದು ಎಂಬ ಫೆಡರಲ್ ಕಾನೂನನ್ನು 2023ರಲ್ಲಿ ಐದನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಹೊಡೆದುಹಾಕಿತು. ಹೆಂಡತಿಗೆ ಹೊಡೆದವನ ಬಂದೂಕು ಕಿತ್ತುಕೊಳ್ಳುವ ಕಾನೂನು ಹಿಂದೆ ಇರಲಿಲ್ಲವಲ್ಲ! ಪರೀಕ್ಷೆಯನ್ನು ಅಕ್ಷರಶಃ ಹಿಡಿದರೆ ಅಲ್ಲಿಗೇ ಬಂದು ನಿಲ್ಲುತ್ತೀರಿ. 2024ರ ಜೂನ್ 21ರಂದು ರಹೀಮಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 8–1ರಲ್ಲಿ ಆ ಕಾನೂನನ್ನು ಉಳಿಸಿತು. ರಾಬರ್ಟ್ಸ್ ತಂದ ಪೂರ್ವಜರು ಎರಡು: ಕೇಡು ಮಾಡಬಹುದೆಂಬ ಅನುಮಾನ ಇದ್ದವನಿಂದ ಜಾಮೀನು ಬರೆಸಿಕೊಳ್ಳುವ ಕಾನೂನುಗಳು, ಆಯುಧ ಹಿಡಿದು ಬೀದಿಯಲ್ಲಿ ಜನರನ್ನು ಬೆದರಿಸುವವರನ್ನು ಶಿಕ್ಷಿಸುವ ಕಾನೂನುಗಳು. ಅವೆರಡರಿಂದ ಅವರು ಹಿಂಡಿದ್ದು ಒಂದು ತತ್ವ: ಇನ್ನೊಬ್ಬರ ದೇಹಕ್ಕೆ ಸ್ಪಷ್ಟ ಅಪಾಯ ಒಡ್ಡುವವನ ಆಯುಧವನ್ನು ತಾತ್ಕಾಲಿಕವಾಗಿ ತೆಗೆಯಬಹುದು. ಒಬ್ಬರೇ ಭಿನ್ನವಾಗಿ ಬರೆದರು, ಬ್ರೂಯೆನ್ ಬರೆದ ಥಾಮಸ್ಸೇ. ಪ್ರತ್ಯೇಕ ಸಹಮತದ ತೀರ್ಪುಗಳು ಐದು. ನೀವು ಬಂದೂಕು ನಿರ್ಬಂಧದ ಪರ ನಿಂತರೆ ಬ್ರೂಯೆನ್‌ಗಿಂತ ಮೊದಲು ರಹೀಮಿಯನ್ನು ಮುಂದಿಡಿ. ‘ತತ್ವ ಸಾಕು, ಅವಳಿ ಬೇಡ’ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಆಧಾರ ಇಲ್ಲ.

ಭಾರತದ ಹೋಲಿಕೆ ಕೇಳುವ ನ್ಯಾಯಾಧೀಶರು ಇದ್ದೇ ಇರುತ್ತಾರೆ. ಕೊಡಗಿನ ಕೋವಿಯ ವಿನಾಯಿತಿಯನ್ನು ಎರಡನೇ ತಿದ್ದುಪಡಿಗೆ ಹೋಲಿಸುವ ಆಸೆಗೆ ಬೀಳಬೇಡಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವುದು ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಂದ್ರ ಸರ್ಕಾರ ಅಧಿಸೂಚನೆಯಿಂದ ಕೊಟ್ಟ ವಿನಾಯಿತಿ. ಅದು ಸಂವಿಧಾನದ ಹಕ್ಕಲ್ಲ. ಸರಿಯಾದ ಹೋಲಿಕೆ ನಮ್ಮ ಸಂವಿಧಾನದ 21ನೇ ವಿಧಿ, ಜೀವ ಮತ್ತು ಸ್ವಾತಂತ್ರ್ಯದ ಹಕ್ಕು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ, ಮಂಗಳೂರು ಮೂಲದ ಬೆನಗಲ್ ನರಸಿಂಗ ರಾವ್ ಅಮೆರಿಕಕ್ಕೆ ಹೋಗಿ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡು ಬಂದ ಮೇಲೆ, ‘ಡ್ಯೂ ಪ್ರೊಸೆಸ್’ (ನ್ಯಾಯೋಚಿತ ಪ್ರಕ್ರಿಯೆ) ಎಂಬ ಅದೇ ಮಾತನ್ನು ಕರಡು ಸಮಿತಿ ನಮ್ಮ ಕರಡಿನಿಂದ ಬಿಟ್ಟು ‘ಕಾನೂನು ಸ್ಥಾಪಿಸಿದ ಪ್ರಕ್ರಿಯೆ’ ಎಂದು ಬರೆಯಿತು. ಇಲ್ಲಿ ಬರೆದವರ ಉದ್ದೇಶ ದಾಖಲೆಯಲ್ಲಿ ಸ್ಪಷ್ಟ: ಶಾಸನದ ಒಳ್ಳೆಯದು ಕೆಟ್ಟದ್ದನ್ನು ನ್ಯಾಯಾಧೀಶರು ತೂಗುವುದು ಬೇಡ. 1950ರ ಗೋಪಾಲನ್ ತೀರ್ಪು ಅದನ್ನು ಪಾಲಿಸಿತು. 1978ರ ಮೇನಕಾ ಗಾಂಧಿ ತೀರ್ಪು, ಆ ಪ್ರಕ್ರಿಯೆ ನ್ಯಾಯವೂ ಸಮಂಜಸವೂ ಆಗಿರಬೇಕು ಎಂದು ಹಿಂಬಾಗಿಲಿನಿಂದ ಡ್ಯೂ ಪ್ರೊಸೆಸ್ಸನ್ನೇ ಒಳಗೆ ತಂದಿತು. ಅಮೆರಿಕದಲ್ಲಿ ಪದ ಇದ್ದೂ ಹಕ್ಕು ಹೋಯಿತು, ಇಲ್ಲಿ ಪದ ಬೇಕೆಂದೇ ತೆಗೆದರೂ ಹಕ್ಕು ಬಂತು. ಈ ವಾಕ್ಯವನ್ನು ನೀವಾಗಿ ಹೇಳಬೇಡಿ, ಹೋಲಿಕೆ ಕೇಳಿದಾಗ ಹೇಳಿ.

ಕೊನೆಯದಾಗಿ, ಪ್ರತಿಸಲ ಯಾರಾದರೂ ಬೀಳುವ ಒಂದು ಹಳ್ಳ. ಅರೆಸ್ವಯಂಚಾಲಿತ ರೈಫಲಿಗೆ ಜೋಡಿಸಿ ಗುಂಡಿನ ಮಳೆ ಸುರಿಸುವ ಬಂಪ್ ಸ್ಟಾಕ್ ನಿಷೇಧ 2024ರ ಜೂನ್ 14ರಂದು ಕಾರ್ಗಿಲ್ ಪ್ರಕರಣದಲ್ಲಿ ಬಿತ್ತು. ಅದು ಎರಡನೇ ತಿದ್ದುಪಡಿಯ ತೀರ್ಪಲ್ಲ. ‘ಮೆಷಿನ್ ಗನ್’ ಎಂಬ ಪದಕ್ಕೆ ಫೆಡರಲ್ ಕಾನೂನು ಕೊಟ್ಟ ವ್ಯಾಖ್ಯೆಯೊಳಗೆ, ಬಂದೂಕಿನ ಕುದುರೆಯನ್ನು (ಟ್ರಿಗರ್) ಒಂದು ಸಲ ಎಳೆದಾಗ ಆಗುವುದೇನು ಎಂಬಷ್ಟನ್ನೇ ಕೋರ್ಟು ನೋಡಿದ್ದು. ಅದನ್ನು ಸಂವಿಧಾನದ ತೀರ್ಪೆಂದು ಉಲ್ಲೇಖಿಸಿದ ತಂಡವನ್ನು ಎದುರು ತಂಡ ಮರುವಾದದಲ್ಲಿ ಒಂದೇ ವಾಕ್ಯದಲ್ಲಿ ಮುಗಿಸುತ್ತದೆ.